ನಾಲ್ಕು ಚಿಪ್‌ಗಳ ಫ್ಲೋಸಾಲ್ವರ್: ಬೆಂಗಳೂರು ಮರೆತ ಯಂತ್ರ

ಭಾರತದ ಸೂಪರ್‌ಕಂಪ್ಯೂಟರ್ ಎಂದೊಡನೆ ಎಲ್ಲರ ಬಾಯಲ್ಲಿ ಬರುವ ಹೆಸರು ಪುಣೆಯ ‘ಪರಮ್’. 1991ರ ಪರಮ್ 8000ಕ್ಕೆ ಆ ಕೀರ್ತಿ ಸಲ್ಲಬೇಕಾದದ್ದೇ. ಆದರೆ ಅದಕ್ಕೂ ಐದು ವರ್ಷ ಮೊದಲೇ, 1986ರಲ್ಲಿ, ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್‌ನಲ್ಲಿ ನಾಲ್ಕು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಪಾಲು ಮಾಡಿಕೊಂಡು ಬಿಡಿಸತೊಡಗಿದ್ದವು. ಆ ಯಂತ್ರದ ಹೆಸರು ಫ್ಲೋಸಾಲ್ವರ್. ಐಟಿ ನಗರಿ ಎಂದು ಬೀಗುವ ಊರಿನಲ್ಲಿ ಈ ಹೆಸರು ಕೇಳಿದವರೇ ಅಪರೂಪ. ಇದು ಬೇಸರದ ಸಂಗತಿ.

ಹಲವು ಪ್ರೊಸೆಸರ್‌ಗಳನ್ನು ಜೊತೆಗೂಡಿಸುವ ಯೋಚನೆ ಆಗಲೇ ಹಳೆಯದು. ಅಮೆರಿಕದ ಡೇನಿಯಲ್ ಸ್ಲಾಟ್ನಿಕ್ 256 ಘಟಕಗಳ ಇಲಿಯಾಕ್-4 ಯಂತ್ರ ಕಟ್ಟಲು ಹೊರಟರು. ಖರ್ಚು ಕೈಮೀರಿ ಅದು 64ಕ್ಕೇ ನಿಂತಿತು. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಇಂಥ ಯಂತ್ರಗಳ ಬುಡಕ್ಕೇ ಕೈಹಾಕಿದ್ದರು. ಲೆಕ್ಕದ ಹತ್ತರಲ್ಲೊಂದು ಪಾಲು ಹಂಚಲು ಬಾರದಂಥದ್ದಾದರೆ, ಎಷ್ಟು ಪ್ರೊಸೆಸರ್ ಸೇರಿಸಿದರೂ ವೇಗ ಹತ್ತು ಪಟ್ಟು ದಾಟದು ಎಂಬುದು ಅವರ ತಕರಾರಿನ ಸಾರ.

ಈ ಜಗಳಕ್ಕೆ ಎನ್‌ಎಎಲ್ ಬಂದದ್ದು ಕಂಪ್ಯೂಟರ್ ಮೋಹದಿಂದಲ್ಲ, ಗಾಳಿಯ ಹರಿವನ್ನು ಲೆಕ್ಕಹಾಕುವ ಅಗತ್ಯದಿಂದ. 1984ರಲ್ಲಿ ನಿರ್ದೇಶಕರಾದ ರೊದ್ದಂ ನರಸಿಂಹ ಅವರು ಸತೀಶ್ ಧವನ್ ಅವರ ಶಿಷ್ಯರು, ಗಾಳಿಯ ಪ್ರಕ್ಷುಬ್ಧತೆಯನ್ನು ಜೀವಮಾನವಿಡೀ ಬೆನ್ನುಹತ್ತಿದವರು. ವಿಮಾನದ ರೆಕ್ಕೆಯ ಸುತ್ತಲಿನ ಹರಿವನ್ನು ಬಿಡಿಸಲು ಭಾರೀ ಯಂತ್ರ ಬೇಕಿತ್ತು. ಅಮೆರಿಕದ ಕ್ರೇ ಸೂಪರ್‌ಕಂಪ್ಯೂಟರ್ ತರಿಸೋಣವೆಂದರೆ ಬೆಲೆಗಿಂತ ಪರವಾನಗಿಯೇ ದೊಡ್ಡ ತಲೆನೋವು. ಹಾಗಾಗಿ ಎನ್‌ಎಎಲ್‌ನ ಯು.ಎನ್. ಸಿನ್ಹಾ ಮತ್ತು ಅವರ ಸಂಗಡಿಗರು ಸಿಗುವ ಚಿಪ್‌ಗಳಿಂದಲೇ ಕೆಲಸಕ್ಕೆ ತೊಡಗಿದರು.

ಮೊದಲ ಫ್ಲೋಸಾಲ್ವರ್‌ನಲ್ಲಿದ್ದದ್ದು ಇಂಟೆಲ್ 8086 ಪ್ರೊಸೆಸರ್‌ಗಳು. ದಶಮಾಂಶದ ಲೆಕ್ಕಕ್ಕೆ ಜೊತೆಗೆ 8087 ಎಂಬ ಸಹಾಯಕ ಚಿಪ್. ಹರಿವಿನ ಪ್ರದೇಶವನ್ನು ತುಂಡು ಮಾಡಿ ಒಂದೊಂದನ್ನು ಒಂದೊಂದು ಪ್ರೊಸೆಸರ್‌ಗೆ ವಹಿಸಬೇಕು. ಆದರೆ ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಂಡರೂ ಬದುವಿನಾಚೆ ನೀರೆಷ್ಟು ನಿಂತಿದೆ ಎಂದು ವಿಚಾರಿಸಲೇಬೇಕಲ್ಲ, ಹಾಗೆ ಪ್ರತಿ ಹಂತದಲ್ಲೂ ಅಂಚಿನ ಒತ್ತಡ, ವೇಗಗಳನ್ನು ಪಕ್ಕದ ಪ್ರೊಸೆಸರ್‌ಗೆ ತಿಳಿಸಬೇಕು. ಈ ಮಾತುಕತೆಗೇ ಹೊತ್ತು ಹೋದರೆ ಹಂಚಿಕೊಂಡು ಫಲವಿಲ್ಲ. ಎಲ್ಲಿ ತುಂಡು ಮಾಡಬೇಕೆಂಬುದು ಹರಿವಿನ ಸಮೀಕರಣ ಬಲ್ಲವರಿಗೇ ಚೆನ್ನಾಗಿ ಗೊತ್ತು. ಯಂತ್ರ ಕಟ್ಟಿದವರೇ ಅದನ್ನು ಬಳಸುವವರೂ ಆಗಿದ್ದದ್ದು ಫ್ಲೋಸಾಲ್ವರ್‌ನ ನಿಜವಾದ ಬಲ.

ಆಮೇಲೆ 80386 ಬಂತು, ಇಂಟೆಲ್ 860 ಬಂತು. ಮಾರ್ಕ್-2, ಮಾರ್ಕ್-3 ಎಂದು ಯಂತ್ರ ಬೆಳೆಯಿತು. 1990ರ ದಶಕದಲ್ಲಿ ಎದುರಾದದ್ದು ಮುಂಗಾರಿನ ಮುನ್ಸೂಚನೆಯ ಸವಾಲು. ದೆಹಲಿಯ ಹವಾಮಾನ ಕೇಂದ್ರದ ಟಿ-80 ಎಂಬ ಮುನ್ಸೂಚನಾ ಮಾದರಿ ಕ್ರೇ ಯಂತ್ರದ ಮೇಲೆ ಓಡುತ್ತಿತ್ತು. ಅದನ್ನು ಹಂಚಿ ಫ್ಲೋಸಾಲ್ವರ್ ಮೇಲೆ ಓಡಿಸಿದರು. ಇಲ್ಲಿ ಪಕ್ಕದವರನ್ನು ಕೇಳಿದರೆ ಸಾಲದು. ವಾತಾವರಣವನ್ನು ಭೂಮಿಯಿಡೀ ಹಬ್ಬಿದ ಅಲೆಗಳ ಮೊತ್ತವಾಗಿ ಕಾಣುವ ಮಾದರಿಯದು. ಪ್ರತಿ ಪ್ರೊಸೆಸರ್‌ಗೂ ಉಳಿದೆಲ್ಲವುಗಳ ಉತ್ತರ ಬೇಕು. ಈ ಪಾಡಿನಿಂದಲೇ ಮುಂದೆ ‘ಫ್ಲೋಸ್ವಿಚ್’ ಹುಟ್ಟಿತು. ಬಂದ ಅಂಕಿಗಳನ್ನು ದಾಟಿಸುವುದಷ್ಟೇ ಅಲ್ಲ, ದಾರಿಯಲ್ಲೇ ಅವನ್ನು ಸಂಸ್ಕರಿಸಿ ಕಳಿಸುವ ಸ್ವಿಚ್ ಅದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ಜಾಣತನದ ವಸ್ತು ಇನ್ನೊಂದಿಲ್ಲ.

ಇಂದು ಜೇಬಿನ ಮೊಬೈಲಿನಲ್ಲೇ ಎಂಟು ಪ್ರೊಸೆಸರ್ ಕೋರ್‌ಗಳಿರುತ್ತವೆ. ಆಮ್ಡಾಲ್ ಎತ್ತಿದ ತಕರಾರು ಮಾತ್ರ ಹಾಗೇ ಇದೆ. ಚಿಪ್ ಕೊಳ್ಳಬಹುದು, ಲೆಕ್ಕವನ್ನು ಹಂಚುವ ವಿದ್ಯೆಯನ್ನು ಕಲಿತೇ ಪಡೆಯಬೇಕು. ಆ ವಿದ್ಯೆಯನ್ನು ಕೈಯಾರೆ ಮಾಡಿ ಕಲಿತವರು ನಮ್ಮೂರಿನಲ್ಲೇ ಇದ್ದರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಇಲಿಯಾಕ್, ಕ್ರೇ ಜೊತೆಗೆ ಫ್ಲೋಸಾಲ್ವರ್ ಕಥೆಯನ್ನೂ ಓದಬೇಕು. ನಾಲ್ಕು ಸಾಧಾರಣ ಚಿಪ್‌ಗಳಿಂದ ಆರಂಭಿಸಿ ಮುಂಗಾರಿನ ಲೆಕ್ಕದವರೆಗೆ ಹೋದವರ ದಾರಿ ತಿಳಿದರೆ, ದೊಡ್ಡ ಯಂತ್ರ ಸಿಗುವವರೆಗೆ ಕಾಯುತ್ತ ಕೂರಬೇಕಿಲ್ಲ ಎಂಬ ಧೈರ್ಯ ಅವರಿಗೆ ಬಂದೀತು.