ಬೇಗ ತಲುಪಿದವರೂ ಸೋಲುವ ಓಟ

ಓಟವೆಂದ ಮೇಲೆ ಮೊದಲು ಬಂದವನೇ ಗೆದ್ದ ಎಂದು ನಾವೆಲ್ಲ ಚಿಕ್ಕಂದಿನಿಂದ ಕಲಿತಿದ್ದೇವೆ. ಆದರೆ ಹೇಳಿದ ಹೊತ್ತಿಗಿಂತ ಮುಂಚೆ ಗುರಿ ಮುಟ್ಟಿದವನಿಗೂ ದಂಡ ಹಾಕುವ ಸ್ಪರ್ಧೆಯೊಂದಿದೆ ಎಂದರೆ ನಂಬುತ್ತೀರಾ? ಹಲವು ದಿನ ನಡೆಯುವ ಹಳೆಯ ಕಾರುಗಳ ರ‍್ಯಾಲಿ ಬಹುಮಟ್ಟಿಗೆ ಅಂಥದ್ದು. ಅಜ್ಜನ ಕಾಲದ ಕಾರನ್ನು ಹುಚ್ಚಾಪಟ್ಟೆ ಓಡಿಸಿದರೆ ಅದು ದಾರಿಯಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಇಲ್ಲಿ ಪರೀಕ್ಷೆ ವೇಗಕ್ಕಲ್ಲ, ನಿಖರತೆಗೆ.

ನಿಯಮ ಸರಳ. ಇಂತಿಷ್ಟು ದೂರವನ್ನು ಇಂತಿಷ್ಟು ಸರಾಸರಿ ವೇಗದಲ್ಲಿ ಕ್ರಮಿಸಬೇಕು. ದಾರಿಯಲ್ಲಿ ಎಲ್ಲೆಲ್ಲಿ ತಪಾಸಣೆಯವರು ಗಡಿಯಾರ ಹಿಡಿದು ಕುಳಿತಿದ್ದಾರೆಂಬುದು ಸ್ಪರ್ಧಿಗೆ ತಿಳಿಯದು. ತಡವಾದರೆ ಸೆಕೆಂಡಿನ ಲೆಕ್ಕದಲ್ಲಿ ದಂಡ. ಮುಂಚೆ ಬಂದರೂ ದಂಡ, ಕೆಲವು ಸ್ಪರ್ಧೆಗಳಲ್ಲಿ ಎರಡರಷ್ಟು! ಕಾರಿನಲ್ಲಿ ಇಬ್ಬರಿರುತ್ತಾರೆ. ಒಬ್ಬ ಚಾಲಕ, ಇನ್ನೊಬ್ಬ ದಾರಿ ಮತ್ತು ಲೆಕ್ಕ ನೋಡುವ ನ್ಯಾವಿಗೇಟರ್. ಎಷ್ಟೋ ಸಲ ಗೆಲ್ಲಿಸುವವನು ಈ ಎರಡನೆಯವನೇ.

ಎಂಟನೇ ತರಗತಿಯ ಮಕ್ಕಳಿಗೆ ಈ ಲೆಕ್ಕವನ್ನು ನಾನು ಹೀಗೆ ಕೊಡುತ್ತೇನೆ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಕಾರಿನ ದೂರಮಾಪಕ ಎಣಿಸುವುದು ಚಕ್ರದ ಸುತ್ತುಗಳನ್ನೇ ಹೊರತು ರಸ್ತೆಯನ್ನಲ್ಲ. ಟೈರಿನ ವ್ಯಾಸ 60 ಸೆಂ.ಮೀ. ಇದ್ದು, ಅದು ಸುತ್ತಲೂ 6 ಮಿ.ಮೀ. ಸವೆದರೆ ವ್ಯಾಸ 58.8 ಸೆಂ.ಮೀ. ಆಗುತ್ತದೆ, ಅಂದರೆ ಶೇಕಡಾ 2 ಕಡಿಮೆ. ಆಗ ಅದೇ 100 ಕಿ.ಮೀ. ದಾರಿಗೆ ಚಕ್ರ ಹೆಚ್ಚು ಸುತ್ತುತ್ತದೆ, ಮಾಪಕ ಸುಮಾರು 102 ಎಂದು ತೋರಿಸುತ್ತದೆ. ಮಾಪಕವನ್ನೇ ನಂಬಿ ಬಂದವನು 3 ನಿಮಿಷ 20 ಸೆಕೆಂಡು ತಡವಾಗಿರುತ್ತಾನೆ! ಅದಕ್ಕೇ ಅನುಭವಿಗಳು ಮೊದಲು ಅಳತೆ ಮಾಡಿಟ್ಟ ರಸ್ತೆಯಲ್ಲಿ ಕಾರು ಓಡಿಸಿ, ತಮ್ಮ ಮಾಪಕ ಎಷ್ಟು ಸುಳ್ಳು ಹೇಳುತ್ತದೆಂದು ತಿಳಿದುಕೊಳ್ಳುತ್ತಾರೆ. ಸುಳ್ಳು ಹೇಳುವ ಉಪಕರಣ ಅಪಾಯವಲ್ಲ. ಅದು ಎಷ್ಟು ಸುಳ್ಳು ಹೇಳುತ್ತದೆಂದು ಗೊತ್ತಿಲ್ಲದಿರುವುದೇ ಅಪಾಯ.

ಹಳೆಯ ಕಾರಿಗೆ ನಮ್ಮ ಚಳ್ಳಕೆರೆಯ ಬಿಸಿಲು ಇನ್ನೊಂದು ಪರೀಕ್ಷೆ. ಇಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ದ್ರವವನ್ನು ತಳ್ಳಬೇಕಾದ ಪಂಪು ಆವಿಯನ್ನು ತಳ್ಳಲಾರದೆ ಕಾರು ನಿಲ್ಲುತ್ತದೆ. ಅಂಬಾಸಿಡರ್, ಫಿಯಟ್ ಓಡಿಸಿದ ಹಿರಿಯ ಚಾಲಕರನ್ನು ಕೇಳಿ ನೋಡಿ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವ ಉಪಾಯ ಹೇಳುತ್ತಾರೆ. ನೀರು ಆವಿಯಾಗುವಾಗ ಶಾಖ ಹೀರುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ತತ್ವದಿಂದ.

ಇಂಥ ದೂರದ ಓಟಗಳಲ್ಲಿ ಹೆಸರಾದದ್ದು 1907ರ ಪೀಕಿಂಗ್–ಪ್ಯಾರಿಸ್ ಓಟ. ಹೊರಟದ್ದು ಐದೇ ವಾಹನ. ಇಟಲಿಯ ರಾಜಕುಮಾರ ಬೊರ್ಗೀಸ್ ಜೂನ್ 10ರಂದು ಹೊರಟು ಆಗಸ್ಟ್ 10ರಂದು ಪ್ಯಾರಿಸ್ ತಲುಪಿ ಗೆದ್ದ. ರಷ್ಯಾದಲ್ಲಿ ಆತನ ಕಾರಿನ ಮರದ ಚಕ್ರ ಮುರಿದಾಗ ಹೊಸದನ್ನು ಮಾಡಿಕೊಟ್ಟವನು ಗಾಡಿ ಚಕ್ರ ಮಾಡುವ ಹಳ್ಳಿಯ ಬಡಗಿ! ನಮ್ಮ ರಾಜ್ಯದಲ್ಲೂ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ‘ಕೆ-1000’ ರ‍್ಯಾಲಿಗೆ ದಶಕಗಳ ಇತಿಹಾಸವಿದೆ. ಹಳೆಯ ಕಾರುಗಳನ್ನು ಕಣ್ಣಾರೆ ಕಾಣಬೇಕೆನ್ನುವ ಮಕ್ಕಳು ಧರ್ಮಸ್ಥಳದ ಸಂಗ್ರಹವನ್ನು ನೋಡಬಹುದು.

ದಿನಗಟ್ಟಲೆಯ ಓಟ ನಮ್ಮ ನೆಲಕ್ಕೂ ಹೊಸದಲ್ಲ. ವರವು ಕಾವಲ್ ಅಮೃತಮಹಲ್ ಕಾವಲುಗಳಲ್ಲಿ ಒಂದು. ಈ ತಳಿಯ ಎತ್ತುಗಳ ಬಲದಿಂದ ಹೈದರಾಲಿಯ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ದಿನಕ್ಕೆ ಸುಮಾರು 64 ಕಿ.ಮೀ., ಅದೂ ತೋಪುಗಳನ್ನು ಎಳೆದುಕೊಂಡು! ಎತ್ತು ಮೇಯುತ್ತಿದ್ದ ಈ ನೆಲದಲ್ಲೇ 2017ರಲ್ಲಿ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2024ರಲ್ಲಿ ಇಸ್ರೋದ ‘ಪುಷ್ಪಕ್’ ಹೆಲಿಕಾಪ್ಟರಿನಿಂದ ಕಳಚಿಕೊಂಡು, ಚಾಲಕನಿಲ್ಲದೆ ತಾನೇ ದಾರಿ ಲೆಕ್ಕ ಹಾಕಿ, ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ಇಲ್ಲಿನ ಓಡುದಾರಿಗೆ ಇಳಿಯಿತು. ಅದರ ಯಂತ್ರಮಿದುಳು ಮಾಡಿದ್ದೂ ನ್ಯಾವಿಗೇಟರನ ಕೆಲಸವೇ.

ಇದನ್ನೆಲ್ಲ ಹೇಳಿದ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ? ‘ನಾವೂ ಮಾಡೋಣ ಸಾರ್’ ಎಂದರು. ಕಾರೆಲ್ಲಿ ತರೋಣ? ಒಂದು ಭಾನುವಾರ ಬೆಳಿಗ್ಗೆ ಕಾವಲಿನ ಬೇಲಿ ಪಕ್ಕದ ರಸ್ತೆಯಲ್ಲಿ ಸೈಕಲ್ ರ‍್ಯಾಲಿ ಇಟ್ಟುಕೊಂಡೆವು. ದೂರ 6 ಕಿ.ಮೀ., ಸರಾಸರಿ ವೇಗ ಗಂಟೆಗೆ 12 ಕಿ.ಮೀ., ಸಮಯ ಸರಿಯಾಗಿ ಅರ್ಧ ಗಂಟೆ. ಇಬ್ಬಿಬ್ಬರ ತಂಡ. ತರಗತಿಯಲ್ಲಿ ಯಾವಾಗಲೂ ಮೊದಲಿರುವ ಇಬ್ಬರು ಹುಡುಗರು 5 ನಿಮಿಷ ಮುಂಚೆಯೇ ಬಂದು, ದಂಡ ತಿಂದು, ಮುಖ ಸಪ್ಪಗೆ ಮಾಡಿಕೊಂಡರು. ಸೈಕಲ್ಲಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿ ಸುತ್ತು ಎಣಿಸಿದ ಇಬ್ಬರು ಹುಡುಗಿಯರು ಬರೀ 8 ಸೆಕೆಂಡು ತಡವಾಗಿ ಬಂದು ಗೆದ್ದರು.

ಕೊನೆಗೆ ಬಂದ ತಂಡ 11 ನಿಮಿಷ ತಡ. ದಾರಿಯಲ್ಲಿ ಬಿದ್ದು ಮೊಣಕಾಲು ಸೀಳಿಕೊಂಡ ಬೇರೆ ತಂಡದ ಹುಡುಗನನ್ನು ಹತ್ತಿರದ ಮನೆಗೆ ಕರೆದೊಯ್ದು, ಗಾಯ ತೊಳೆಸಿ, ಅಲ್ಲಿ ಕೂರಿಸಿ ಬಂದಿದ್ದರು. ಮರುದಿನ ಅವರಲ್ಲೊಬ್ಬನ ತಂದೆ ಶಾಲೆಗೆ ಬಂದರು. ‘ಅಲ್ಲ ಸಾರ್, ಬಿದ್ದೋನ್ನ ಎತ್ತಿದ್ದಕ್ಕೆ ನಮ್ಮ ಹುಡ್ಗ ಕೊನೇಗ್ ಬಂದ. ಇದ್ಯಾವ ಪಾಠ ಸಾರ್?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ನೆನಪಾದದ್ದು 1968ರ ಲಂಡನ್–ಸಿಡ್ನಿ ಓಟ. ಅಂದು 98 ಕಾರುಗಳು ಲಂಡನ್ನಿನಿಂದ ಹೊರಟು, ಕಾಬೂಲ್, ದೆಹಲಿ ಮಾರ್ಗವಾಗಿ ಮುಂಬಯಿಗೆ ಬಂದು, ಅರ್ಹತೆ ಪಡೆದವು ಅಲ್ಲಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದವು. ಸಿಡ್ನಿ ಇನ್ನೇನು ಹತ್ತಿರವಿದೆ ಎನ್ನುವಾಗ ಎಲ್ಲರಿಗಿಂತ ಮುಂದಿದ್ದ ಬಿಯಾಂಕಿ–ಓಜಿಯೇ ಜೋಡಿಯ ಸಿಟ್ರೋಯೆನ್ ಕಾರಿಗೆ ಎದುರಿನಿಂದ ಬಂದ ಕಾರು ಡಿಕ್ಕಿ ಹೊಡೆಯಿತು. ಹಿಂದೆ ಬರುತ್ತಿದ್ದ ಸ್ಪರ್ಧಿ ಪ್ಯಾಡಿ ಹಾಪ್‌ಕರ್ಕ್ ಗಡಿಯಾರ ನೋಡಲಿಲ್ಲ. ಕಾರು ನಿಲ್ಲಿಸಿ ಗಾಯಾಳುಗಳ ನೆರವಿಗೆ ಓಡಿದ. ಗೆದ್ದದ್ದು ಆಂಡ್ರ್ಯೂ ಕೊವಾನನ ತಂಡ, ಹಾಪ್‌ಕರ್ಕ್ ಎರಡನೆಯವನಾದ. ಆದರೆ ಆ ಓಟದ ಮಾತು ಬಂದಾಗಲೆಲ್ಲ ಅವನು ನಿಂತದ್ದನ್ನೂ ಜನ ನೆನೆಯುತ್ತಾರೆ. ಈಗಿನ ದೊಡ್ಡ ರ‍್ಯಾಲಿಗಳಲ್ಲಿ ಗಾಯಗೊಂಡವರಿದ್ದರೆ ಹಿಂದೆ ಬಂದವರು ನಿಲ್ಲಲೇಬೇಕು. ಹಾಗೆ ಕಳೆದುಹೋದ ಹೊತ್ತನ್ನು ಲೆಕ್ಕದಲ್ಲಿ ಸರಿಪಡಿಸಿ ಕೊಡುವ ನಿಯಮವೂ ಇದೆ.

ತಪ್ಪು ಹುಡುಗರದ್ದಲ್ಲ, ಆ ನಿಯಮ ಬರೆಯದಿದ್ದ ನನ್ನದು. ಆ ತಂದೆಗೂ ತರಗತಿಗೂ ಹಾಗೆಂದೇ ಹೇಳಿದೆ. ಹಲಗೆಯ ಮೇಲಿನ ಫಲಿತಾಂಶ ತಿದ್ದಲು ಹೊರಟಾಗ ಆ ಹುಡುಗನೇ ಎದ್ದು ನಿಂತ: ‘ಬೇಡ ಸಾರ್, ಹನ್ನೊಂದು ನಿಮಿಷ ತಡ ಆಗಿದ್ದು ನಿಜ ಅಲ್ವಾ, ಹಂಗೇ ಇರ‍್ಲಿ.’ ಹಾಗೆಯೇ ಬಿಟ್ಟೆ. ಮುಂದಿನ ವರ್ಷದ ನಿಯಮಗಳಲ್ಲಿ ಮಾತ್ರ ಮೊದಲ ಸಾಲು ಹೀಗಿತ್ತು: ‘ಯಾರಾದರೂ ಬಿದ್ದರೆ ನಿಲ್ಲಬೇಕು. ನಿಂತ ಹೊತ್ತು ಲೆಕ್ಕಕ್ಕಿಲ್ಲ.’

ಪೋಷಕರೇ, ಅಂಕಗಳ ಓಟದಲ್ಲಿ ನಮ್ಮ ಮಕ್ಕಳನ್ನು ಬೇಗ, ಇನ್ನೂ ಬೇಗ ಎಂದು ತಳ್ಳುತ್ತಿರುತ್ತೇವೆ. ಒಂದು ರಜೆಯ ದಿನ ಅವರ ಕೈಗೆ ಒಂದು ಗಡಿಯಾರ, ಒಂದು ಅಳತೆ ಟೇಪು ಕೊಟ್ಟು ಇಂಥದ್ದೊಂದು ಓಟ ಆಡಿಸಿ. ವೇಗದ ಸೂತ್ರ ಅವರಿಗೆ ಮತ್ತೆ ಮರೆಯುವುದಿಲ್ಲ. ನಿಯಮಗಳನ್ನು ಬರೆಯುವಾಗ ಆ ಮೊದಲ ಸಾಲನ್ನು ಮಾತ್ರ ನನ್ನ ಹಾಗೆ ಮರೆಯಬೇಡಿ.