ಕೃಷ್ಣೆಯ ದಡ, ಕಬ್ಬಿನ ಹೊಲ: ಸ್ಪರ್ಧೆಯ ಕಣ್ಣಲ್ಲಿ ‘ನಿಸರ್ಗ’ ಯಾವುದು?

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿ ಕೃಷ್ಣಾ ತೀರದ ಗ್ರಾಮ. ಚಳಿಗಾಲದ ಮುಂಜಾವಿನಲ್ಲಿ ನದಿಯ ಮೇಲೆ ಹಬ್ಬಿದ ಮಂಜು, ಅದರಾಚೆ ಸೂಲಂಗಿ ಹೊಡೆದ ಕಬ್ಬು, ಮೇಯುವ ಎಮ್ಮೆಯ ಬೆನ್ನೇರಿದ ಬೆಳ್ಳಕ್ಕಿ. ಕ್ಯಾಮೆರಾ ಹಿಡಿದವರಿಗೆ ಇದು ಅಪ್ಪಟ ನಿಸರ್ಗ. ಆದರೆ ಇದೇ ಚಿತ್ರವನ್ನು ಅಂತರರಾಷ್ಟ್ರೀಯ ಮಾನ್ಯತೆಯುಳ್ಳ ಸ್ಪರ್ಧೆಯ ‘ನಿಸರ್ಗ’ ವಿಭಾಗಕ್ಕೆ ಕಳುಹಿಸಿದರೆ ತಿರಸ್ಕೃತವಾಗುವ ಸಾಧ್ಯತೆಯೇ ಹೆಚ್ಚು. ದೋಷ ಚಿತ್ರದ್ದಲ್ಲ, ವಿಭಾಗದ ಆಯ್ಕೆಯದು. ಪ್ರವೇಶ ಶುಲ್ಕ ತೆತ್ತು, ಕಾರಣ ತಿಳಿಯದೆ ನಿರಾಶರಾಗುವ ಹವ್ಯಾಸಿಗಳು ಈ ವ್ಯತ್ಯಾಸವನ್ನು ಮೊದಲೇ ಅರಿತಿರುವುದು ಒಳಿತು.

ನಿಯಮ ಹೇಳುವುದೇನು?

ಎಫ್ಐಎಪಿ, ಪಿಎಸ್ಎ ಹಾಗೂ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಒಗ್ಗೂಡಿ ರೂಪಿಸಿದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆ 2015ರಿಂದ ಬಳಕೆಗೆ ಬಂದಿತು. ಅದರಂತೆ ಸಾಕುಪ್ರಾಣಿಗಳಿಗೂ ಮನುಷ್ಯ ಬೆಳೆಸಿದ ಸಸ್ಯಗಳಿಗೂ ಈ ವಿಭಾಗದಲ್ಲಿ ಸ್ಥಾನವಿಲ್ಲ. ಅಂದರೆ ಕಬ್ಬು ಹೊರಗೆ, ಎಮ್ಮೆಯೂ ಹೊರಗೆ. ಮಾನವ ನಿರ್ಮಿತ ವಸ್ತುಗಳಿಗೂ ಸಾಮಾನ್ಯವಾಗಿ ಪ್ರವೇಶವಿಲ್ಲ. ವಿದ್ಯುತ್ ತಂತಿಯ ಮೇಲೆ ಕುಳಿತ ಮಿಂಚುಳ್ಳಿ ಎಷ್ಟೇ ಸ್ಫುಟವಾಗಿ ಮೂಡಿದ್ದರೂ ತಂತಿಯೇ ಅದಕ್ಕೆ ತೊಡಕಾದೀತು.

ಇದಕ್ಕೆ ಅಪವಾದಗಳೂ ಉಂಟು. ಮನುಷ್ಯನ ಕಟ್ಟಡಗಳಿಗೆ ಹೊಂದಿಕೊಂಡು ಬದುಕುವ ಕಣಜ ಗೂಬೆಯಂತಹ ಜೀವಿಗಳ ಕಥನದಲ್ಲಿ ಆ ಕಟ್ಟಡವೂ ಭಾಗವಾಗಬಹುದು. ಪ್ರಕೃತಿಯ ಶಕ್ತಿಯನ್ನು ತೋರುವ ಸಂದರ್ಭದಲ್ಲಿಯೂ ಮಾನವ ಕುರುಹುಗಳು ಸಲ್ಲುತ್ತವೆ. 2005 ಮತ್ತು 2019ರಲ್ಲಿ ಕೃಷ್ಣಾ ತೀರವನ್ನು ಮುಳುಗಿಸಿದಂತಹ ಪ್ರವಾಹದ ಚಿತ್ರಗಳು ಈ ದೃಷ್ಟಿಯಿಂದ ಪರಿಗಣನಾರ್ಹ. ಅಲ್ಲಿ ಮುಳುಗಿದ ಮನೆಯು ನದಿಯ ರಭಸಕ್ಕೆ ಸಾಕ್ಷಿಯಾಗುತ್ತದೆ.

ಮತ್ತೊಂದು ಗೊಂದಲವೆಂದರೆ ‘ನಿಸರ್ಗ’ ಮತ್ತು ‘ವನ್ಯಜೀವಿ’ ಒಂದೇ ಎಂಬ ಭಾವನೆ. ಭೂದೃಶ್ಯ, ಶಿಲಾರಚನೆಗಳು ನಿಸರ್ಗ ವಿಭಾಗಕ್ಕೆ ಸಲ್ಲುತ್ತವೆ, ವನ್ಯಜೀವಿ ವಿಭಾಗಕ್ಕೆ ಸಲ್ಲವು. ಅಲ್ಲಿ ಜೀವಿಯು ಸ್ವಚ್ಛಂದವಾಗಿ, ತನ್ನ ನೆಲೆಯಲ್ಲಿಯೇ ಇರಬೇಕು. ಮೃಗಾಲಯದ ಹುಲಿಗೆ ಅವಕಾಶವಿಲ್ಲ.

ಹಾಗಾದರೆ ಕಬ್ಬಿನ ಹೊಲದ ಚಿತ್ರ ವ್ಯರ್ಥವೇ? ಖಂಡಿತ ಅಲ್ಲ. ಮುಕ್ತ ವಿಭಾಗ ಅಥವಾ ಪ್ರವಾಸ ವಿಭಾಗ ಅದಕ್ಕೆ ತಕ್ಕ ಜಾಗ. ನಿಸರ್ಗ ವಿಭಾಗಕ್ಕೇ ಬೇಕೆಂದಾದರೆ ಕ್ಯಾಮೆರಾವನ್ನು ಹೊಲದಿಂದ ನದಿಯತ್ತ ತಿರುಗಿಸಬೇಕು: ಮಂಜು, ಮರಳದಿಣ್ಣೆ, ರೆಕ್ಕೆ ಒಣಗಿಸುವ ನೀರುಕಾಗೆ.

ತಿದ್ದುಪಡಿಯ ಮಿತಿ

ಬೆಳಕು, ವರ್ಣಗಳನ್ನು ಹದಗೊಳಿಸುವುದು, ಅಂಚು ಕತ್ತರಿಸುವುದು, ಕಪ್ಪುಬಿಳುಪಿಗೆ ಪರಿವರ್ತಿಸುವುದು ಸಮ್ಮತ. ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ಅಳಿಸುವುದು ಅಥವಾ ಸ್ಥಳಾಂತರಿಸುವುದು ನಿಷಿದ್ಧ. ಹಿಂದೆ ಹೇಳಿದ ತಂತಿಯನ್ನು ಕಂಪ್ಯೂಟರಿನಲ್ಲಿ ಒರೆಸಿ ಹಾಕಿದರೆ ಚಿತ್ರ ಅಂದವಾದೀತು, ಆದರೆ ಅನರ್ಹವಾಗುತ್ತದೆ. ಸಂಶಯ ಬಂದಲ್ಲಿ ಆಯೋಜಕರು ಕ್ಯಾಮೆರಾದ ಮೂಲ ಕಡತವನ್ನು ಕೇಳುವುದುಂಟು. ಆದ್ದರಿಂದ ‘ರಾ’ ಕಡತವನ್ನು ಕಾಪಾಡಿಕೊಳ್ಳುವುದು ಅಗತ್ಯ.

ಈ ಕಟ್ಟುನಿಟ್ಟು ಪ್ರತಿಷ್ಠಿತರನ್ನೂ ಬಿಟ್ಟಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ 2009ರ ಪರಮೋಚ್ಚ ಪ್ರಶಸ್ತಿ ಗೇಟು ಹಾರುವ ತೋಳದ ಚಿತ್ರಕ್ಕೆ ಸಂದಿತ್ತು. ಅದು ಪಳಗಿಸಿದ ತೋಳವಿರಬಹುದೆಂದು ತೀರ್ಪುಗಾರರು ತೀರ್ಮಾನಿಸಿದ್ದರಿಂದ 2010ರ ಜನವರಿಯಲ್ಲಿ ಪ್ರಶಸ್ತಿಯನ್ನು ಹಿಂಪಡೆಯಲಾಯಿತು. 2018ರಲ್ಲಿ ಇರುವೆಭಕ್ಷಕದ ಚಿತ್ರವೊಂದು, ಅದರಲ್ಲಿರುವುದು ಹುರಿತುಂಬಿದ ಪ್ರಾಣಿಯಾಗಿರುವ ಸಂಭವ ಹೆಚ್ಚೆಂಬ ಕಾರಣಕ್ಕೆ ಅನರ್ಹಗೊಂಡಿತು. ನಿಸರ್ಗ ಛಾಯಾಗ್ರಹಣದ ಬೆಲೆ ನಿಂತಿರುವುದು ನೋಡುಗನ ನಂಬಿಕೆಯ ಮೇಲೆ. ಚಿತ್ರದ ಅಂದಕ್ಕಿಂತ ಅದು ಹೇಳುವ ನಿಸರ್ಗದ ಕಥೆಗೆ ಹೆಚ್ಚಿನ ತೂಕವೆಂದು ವ್ಯಾಖ್ಯೆಯೂ ಹೇಳುತ್ತದೆ.

ಜೀವಿಯ ಹಿತ ಮೊದಲು

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಹಿರಿದಾದ ಪರಂಪರೆಯಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ, ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿ ಈ ಸಾಲಿನವರು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳಿಗೆ ಆಸರೆಯಾಗಿದೆ.

ಜೀವಿಯ ಹಿತ ಚಿತ್ರಕ್ಕಿಂತ ಮಿಗಿಲೆಂಬುದು ಈ ಹವ್ಯಾಸದ ಮೂಲ ಶಿಸ್ತು. ಗೂಡಿನ ಬಳಿ ಸುಳಿದಾಡಿದರೆ ತಾಯಿಹಕ್ಕಿ ಮೊಟ್ಟೆ, ಮರಿಗಳನ್ನು ತೊರೆದು ಹೋಗುವ ಅಪಾಯವಿರುವುದರಿಂದ ಗೂಡಿನ ಚಿತ್ರಗಳಿಂದ ದೂರವಿರುವುದೇ ಲೇಸು. 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮದಂತಹ ರಕ್ಷಿತ ಪ್ರದೇಶಗಳಿಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದುಕೊಳ್ಳಬೇಕು.

ಸಹಿಗೆ ಮುನ್ನ

ಕೊನೆಯದಾಗಿ ಹಕ್ಕಿನ ವಿಚಾರ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕು ಛಾಯಾಗ್ರಾಹಕನ ಜೀವಿತಾವಧಿ ಹಾಗೂ ತದನಂತರದ 60 ವರ್ಷಗಳ ತನಕ ಊರ್ಜಿತ. ಕೆಲವು ಸ್ಪರ್ಧೆಗಳು ಅಲ್ಪ ಬಹುಮಾನದ ಆಮಿಷ ತೋರಿ, ಬಂದ ಎಲ್ಲ ಚಿತ್ರಗಳನ್ನೂ ಶಾಶ್ವತವಾಗಿ, ಸಂಭಾವನೆಯಿಲ್ಲದೆ ಬಳಸುವ ಷರತ್ತನ್ನು ಸಣ್ಣ ಅಕ್ಷರಗಳಲ್ಲಿ ಅಡಗಿಸಿರುತ್ತವೆ. ಸ್ಪರ್ಧೆಯ ಪ್ರಚಾರಕ್ಕೆ ಚಿತ್ರ ಬಳಸುವುದು ಬೇರೆ, ಹಕ್ಕನ್ನೇ ಬರೆಸಿಕೊಳ್ಳುವುದು ಬೇರೆ. ಬಹುಮಾನದ ಮೊತ್ತ ನೋಡುವ ಮೊದಲು ಷರತ್ತುಗಳನ್ನು ಓದುವುದು ಜಾಣತನ.