ಬಾಡಿಗೆ ಲಾಕರ್‌ನಿಂದ ಕಳವಾದರೆ ಪರಿಹಾರ ಯಾರಿಂದ?

ರೈಲು ನಿಲ್ದಾಣದ ಕ್ಲೋಕ್ ರೂಂ, ಬಸ್ ನಿಲ್ದಾಣದ ಎದುರಿನ ಲಗೇಜ್ ಕೊಠಡಿ, ವಾಟರ್ ಪಾರ್ಕಿನ ಲಾಕರ್, ಲಾಡ್ಜಿನ ಬೀರು. ಪ್ರವಾಸಕ್ಕೆ ಹೋದವರು ಸಾಮಾನು ಇಟ್ಟು ಓಡಾಡಲು ಇಂಥ ಜಾಗಗಳನ್ನು ನೆಚ್ಚಿಕೊಳ್ಳುತ್ತಾರೆ. ಕೊಡುವ ಬಾಡಿಗೆ ಅಲ್ಪ, ಒಳಗಿಟ್ಟ ಸಾಮಾನಿನ ಬೆಲೆ ಅದರ ನೂರಾರು ಪಟ್ಟು. ಒಳಗಿದ್ದದ್ದು ಕಾಣೆಯಾದಾಗ ಎರಡು ಪ್ರಶ್ನೆಗಳು ಏಳುತ್ತವೆ. ಕದ್ದವರು ಯಾರೆಂಬುದು ಪೊಲೀಸರು ಹುಡುಕಬೇಕಾದ ಉತ್ತರ. ನಷ್ಟ ಯಾರು ಕಟ್ಟಿಕೊಡಬೇಕು ಎಂಬುದು ಬೇರೆಯದೇ ಪ್ರಶ್ನೆ. ಕಳ್ಳ ಸಿಗದಿದ್ದರೂ ಅದಕ್ಕೆ ಉತ್ತರ ಸಿಗಬಹುದು. ಲಾಕರ್ ನಡೆಸುವವರು ತಕ್ಕ ಎಚ್ಚರ ವಹಿಸಿದ್ದರೇ, ಒಳಗೆ ಇಂತಿಂಥದ್ದೇ ಇತ್ತೆಂದು ತೋರಿಸಲು ಆಗುತ್ತದೆಯೇ ಎಂಬ ಎರಡರ ಮೇಲೆ ಆ ಉತ್ತರ ನಿಂತಿದೆ.

ಭಾರತದಲ್ಲಿ ಇದರ ಬೇರು 1872ರ ಕರಾರು ಕಾಯ್ದೆಯಲ್ಲಿದೆ. ಒಂದು ಉದ್ದೇಶಕ್ಕೆಂದು ಸಾಮಾನನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಉದ್ದೇಶ ಮುಗಿದ ಮೇಲೆ ವಾಪಸ್ ಪಡೆಯುವ ಒಪ್ಪಂದವನ್ನು ಆ ಕಾಯ್ದೆಯ 148ನೇ ಸೆಕ್ಷನ್ ಬೇಲ್ಮೆಂಟ್ ಎನ್ನುತ್ತದೆ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ಸಾಮಾನನ್ನು ಹೇಗೆ ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ವಶಕ್ಕೆ ಪಡೆದವರು ಮಾಡಬೇಕು ಎನ್ನುತ್ತದೆ 151ನೇ ಸೆಕ್ಷನ್. ಅಷ್ಟು ಎಚ್ಚರ ವಹಿಸಿಯೂ ನಷ್ಟವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅವರು ಹೊಣೆಯಲ್ಲ ಎಂಬುದು 152ನೇ ಸೆಕ್ಷನ್. ಕಳವಾಯಿತು ಎಂದಷ್ಟಕ್ಕೇ ದುಡ್ಡು ಬರುವುದಿಲ್ಲ ಎಂಬ ಮಾತಿಗೆ ಇದೇ ಆಧಾರ.

ಕೌಂಟರಿನಲ್ಲಿ ಬ್ಯಾಗು ಕೊಟ್ಟು ರಸೀದಿ ಪಡೆದಿದ್ದರೆ ಸಾಮಾನು ಅವರ ವಶಕ್ಕೆ ಹೋಯಿತೆಂಬುದರಲ್ಲಿ ತಕರಾರಿಲ್ಲ. ತೊಡಕು ಬರುವುದು ಗ್ರಾಹಕರೇ ಸಾಮಾನಿಟ್ಟು ಬೀಗ ಹಾಕಿ ಕೀಲಿ ಒಯ್ಯುವ ಲಾಕರ್‌ಗಳಲ್ಲಿ. ‘ನಾವು ಜಾಗವನ್ನಷ್ಟೇ ಬಾಡಿಗೆಗೆ ಕೊಟ್ಟದ್ದು, ಒಳಗೆ ಏನಿತ್ತೋ ನಮಗೆ ಗೊತ್ತಿಲ್ಲ’ ಎಂದು ನಡೆಸುವವರು ಕೈತೊಳೆದುಕೊಳ್ಳುತ್ತಾರೆ. ಈ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಬ್ಯಾಂಕ್ ಲಾಕರಿನ ಪ್ರಕರಣವೊಂದರಲ್ಲಿ. ಅಮಿತಾಭ ದಾಸಗುಪ್ತ ಮತ್ತು ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಬೇಲ್ಮೆಂಟ್ ನಿಯಮ ಅನ್ವಯಿಸಲಿ ಬಿಡಲಿ, ಲಾಕರನ್ನು ಸರಿಯಾದ ಕ್ರಮದಲ್ಲಿ ಕಾಯುವ ಹೊಣೆ ಬ್ಯಾಂಕಿನ ಮೇಲೆ ಪ್ರತ್ಯೇಕವಾಗಿಯೇ ಇದೆ ಎಂದಿತು. ಬ್ಯಾಂಕು ಲಾಕರನ್ನು ತಪ್ಪಾಗಿ ಒಡೆದಿದ್ದಕ್ಕೆ 5 ಲಕ್ಷ ರೂಪಾಯಿ ಪರಿಹಾರ, ವ್ಯಾಜ್ಯದ ಖರ್ಚಿಗೆ 1 ಲಕ್ಷ ರೂಪಾಯಿ ಕೊಡಿಸಿತು. ಆದರೆ ಒಳಗಿದ್ದ ಒಡವೆಗಳ ಬೆಲೆಯ ವಿಚಾರವನ್ನು ಸಿವಿಲ್ ಕೋರ್ಟಿಗೇ ಬಿಟ್ಟಿತು. ತೀರ್ಪಿನ ಈ ಎರಡನೆಯ ಭಾಗವನ್ನು ಮರೆಯುವವರೇ ಹೆಚ್ಚು. ತೀರ್ಪಿನ ಬೆನ್ನಿಗೆ ರಿಸರ್ವ್ ಬ್ಯಾಂಕ್ ತಂದ, ವಾರ್ಷಿಕ ಬಾಡಿಗೆಯ ನೂರು ಪಟ್ಟು ಪರಿಹಾರ ಎಂಬ ಲೆಕ್ಕ ಬ್ಯಾಂಕ್ ಲಾಕರಿಗೆ ಮಾತ್ರ. ಪ್ರವಾಸಿ ತಾಣದ ಲಾಕರಿಗೆ ಅದನ್ನು ಹಿಡಿದು ವಾದಿಸಿ ಪ್ರಯೋಜನವಿಲ್ಲ.

‘ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು’ ಎಂಬ ಫಲಕ ಕಂಡು ಹಿಂಜರಿಯುವವರು ಇನ್ನೊಂದು ತೀರ್ಪನ್ನು ತಿಳಿದಿರಬೇಕು. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ, ಕೀಲಿ ಸಮೇತ ಸಿಬ್ಬಂದಿಗೆ ಒಪ್ಪಿಸಿದ್ದ ಅತಿಥಿಯೊಬ್ಬರ ಕಾರು ಕಳವಾಯಿತು. ನಿಲುಗಡೆ ಮಾಲೀಕರ ಹೊಣೆಯಲ್ಲೇ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಅಚ್ಚಿನ ಸಾಲು ಹೋಟೆಲಿನ ನಿರ್ಲಕ್ಷ್ಯವನ್ನು ಮುಚ್ಚಲಾರದು ಎಂದಿತು. ವಶಕ್ಕೆ ಕೊಟ್ಟದ್ದು ಸಾಬೀತಾದರೆ, ತನ್ನ ಕಡೆಯಿಂದ ತಪ್ಪಾಗಿಲ್ಲ ಎಂದು ತೋರಿಸುವ ಭಾರ ಹೋಟೆಲಿನದು ಎಂದೂ ಹೇಳಿತು. ಪಾರ್ಕಿಂಗಿಗೆ ಬೇರೆ ಶುಲ್ಕ ಪಡೆದಿರಲಿಲ್ಲ ಎಂಬ ವಾದವೂ ನಿಲ್ಲಲಿಲ್ಲ. ಊಟ, ಕೋಣೆಯ ಬಿಲ್ಲಿನಲ್ಲೇ ಅದು ಅಡಗಿದೆ. ಲಾಡ್ಜಿನವರು ‘ಉಚಿತ’ವಾಗಿ ಕೊಡುವ ತಿಜೋರಿಗೂ ಇದೇ ತರ್ಕ ಹೂಡಬಹುದು. ತೀರ್ಥಕ್ಷೇತ್ರಗಳಲ್ಲಿ ಏನೂ ಪಡೆಯದೆ ಕೊಡುವ ಲಾಕರ್‌ಗಳ ಮಾತು ಬೇರೆ. ಹಣ ಕೊಡದವರು ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರಲ್ಲವಾದ್ದರಿಂದ ಗ್ರಾಹಕ ಆಯೋಗದ ಬಾಗಿಲು ಅಲ್ಲಿ ಸುಲಭಕ್ಕೆ ತೆರೆಯದು. ಆದರೂ ಕರಾರು ಕಾಯ್ದೆಯ 151ನೇ ಸೆಕ್ಷನ್ ಎಲ್ಲ ಬೇಲ್ಮೆಂಟಿಗೂ ಒಂದೇ ಅಳತೆ ಇಟ್ಟಿರುವುದರಿಂದ ಸಿವಿಲ್ ದಾವೆಗೆ ಅಡ್ಡಿಯಿಲ್ಲ.

ರೈಲ್ವೆಯಲ್ಲಿ ಕೈಲಿರುವ ಸಾಮಾನಿಗೂ ಒಪ್ಪಿಸಿದ ಸಾಮಾನಿಗೂ ಬಹಳ ಅಂತರ. 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಪ್ರಯಾಣಿಕರು ತಮ್ಮ ಬಳಿಯೇ ಇಟ್ಟುಕೊಂಡ ಲಗೇಜು ಹೋದರೆ ರೈಲ್ವೆಯ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು. ಸೊಂಟದ ಬೆಲ್ಟಿನಲ್ಲಿಟ್ಟಿದ್ದ 1 ಲಕ್ಷ ರೂಪಾಯಿ ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಕೆಳಗಿನ ಆಯೋಗಗಳು ಕೊಡಿಸಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ರದ್ದು ಮಾಡಿತು. ತನ್ನ ಬಳಿಯಿದ್ದದ್ದನ್ನು ತಾನೇ ಕಾಯ್ದುಕೊಳ್ಳಲಾಗದ ಮೇಲೆ ಅದು ರೈಲ್ವೆಯ ಸೇವಾ ನ್ಯೂನತೆ ಆಗದು ಎಂಬುದು ಅದರ ನಿಲುವು. ಕ್ಲೋಕ್ ರೂಮಿನವರು ಈ ತೀರ್ಪನ್ನು ತೋರಿಸಿದರೆ ಒಪ್ಪಬೇಕಾಗಿಲ್ಲ. ರಸೀದಿ ಪಡೆದು ಒಪ್ಪಿಸಿದ ಬ್ಯಾಗು ಪ್ರಯಾಣಿಕರ ಬಳಿ ಇರುವುದಿಲ್ಲ.

ಕಾನೂನು ಎಷ್ಟೇ ಬಲವಾಗಿದ್ದರೂ ಪ್ರಕರಣ ಉಳಿಯುವುದು ಅಥವಾ ಬೀಳುವುದು ಮೊದಲ ಕೆಲವು ಗಂಟೆಗಳಲ್ಲಿ. ಲಾಕರಿನ ಬಾಗಿಲನ್ನು ಮುಟ್ಟದೆ ಹಾಗೇ ಬಿಟ್ಟು ವಿಡಿಯೊ ಮಾಡಿಕೊಳ್ಳಬೇಕು. ಚಿಲಕ ಬಾಗಿದೆಯೇ, ಕೀಲಿರಂಧ್ರದ ಸುತ್ತ ಗೀರಿದೆಯೇ, ಬಾಗಿಲಿನ ಅಂಚಿನಲ್ಲಿ ಮೀಟಿದ ಗುರುತಿದೆಯೇ ಎಂಬುದು ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕಾಣಬೇಕು. ಬಲವಂತದ ಗುರುತೇ ಇಲ್ಲದಿದ್ದರೆ ಅದೇ ಒಂದು ಸುಳಿವು: ನಕಲಿ ಕೀಲಿಯೋ ಸಿಬ್ಬಂದಿಯ ಬಳಿಯ ಮಾಸ್ಟರ್ ಕೀಲಿಯೋ ಬಳಕೆಯಾಗಿರುವ ಸಂಶಯ ಬರುತ್ತದೆ, ಆಗ ನಡೆಸುವವರು ವಿವರಣೆ ಕೊಡಬೇಕಾಗುತ್ತದೆ. ರಿಜಿಸ್ಟರಿನಲ್ಲಿ ಸಾಮಾನಿಟ್ಟ ಹೊತ್ತು ಬರೆದ ಪುಟದ ಫೋಟೊ ತೆಗೆದುಕೊಳ್ಳಬೇಕು. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗಿನ ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಿ ಎಂದು ಅದೇ ದಿನ ಬರಹದಲ್ಲಿ ಕೇಳಿ, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಹಳೆಯ ದೃಶ್ಯಗಳ ಮೇಲೆ ಹೊಸವು ತಾವಾಗಿಯೇ ದಾಖಲಾಗುವುದರಿಂದ ತಡವಾದರೆ ಕೇಳಲು ಏನೂ ಉಳಿಯುವುದಿಲ್ಲ.

ಆಮೇಲೆ ಪೊಲೀಸ್ ಠಾಣೆ. ರೈಲು ನಿಲ್ದಾಣದಲ್ಲಾದರೆ ಪ್ರಕರಣ ದಾಖಲಿಸುವುದು ರಾಜ್ಯದ ರೈಲ್ವೆ ಪೊಲೀಸರು. ‘ವಸ್ತು ಕಳೆದುಹೋಗಿದೆ’ ಎಂಬ ಅರ್ಜಿ ಬರೆಸಿಕೊಂಡು ಹಿಂಬರಹ ಕೊಟ್ಟು ಕಳಿಸುವ ರೂಢಿ ಉಂಟು. ಮೊಬೈಲಿನಲ್ಲಿ ಸಲ್ಲಿಸುವ ‘ಇ-ಲಾಸ್ಟ್’ ವರದಿಯೂ ಕಳೆದುಹೋದ ವಸ್ತುವಿಗೇ ಹೊರತು ಕಳವಿಗಲ್ಲ. ಹಾಗೆ ಬರೆದುಕೊಟ್ಟವರು ಮುಂದೆ ವಿಮಾ ಕಂಪನಿಯ ಮುಂದೆಯೂ ಆಯೋಗದ ಮುಂದೆಯೂ ಸಿಕ್ಕಿಬೀಳುತ್ತಾರೆ. ಬೇಕಿರುವುದು ಕಳವಿನ ಎಫ್‌ಐಆರ್. ಸಾಮಾನು ಕಾಪಾಡಲೆಂದು ಬಳಸುವ ಕಟ್ಟಡದಲ್ಲಿ ಮಾಡಿದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಸೆಕ್ಷನ್ ಏಳು ವರ್ಷದವರೆಗೆ ಸಜೆ ಇಟ್ಟಿದೆ. ವ್ಯಾಪ್ತಿ ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಲು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸದಿದ್ದರೆ ಎಸ್‌ಪಿಗೆ ಬರೆಯಬಹುದು. ಕಳ್ಳ ಪತ್ತೆಯಾಗದೆ ಪೊಲೀಸರು ‘ಸಿ ರಿಪೋರ್ಟ್’ ಹಾಕಿದರೂ ಪರಿಹಾರದ ದಾರಿ ಮುಚ್ಚುವುದಿಲ್ಲ.

ಒಳಗೆ ಏನಿತ್ತು ಎಂಬುದನ್ನು ತೋರಿಸುವುದೇ ಇಡೀ ವ್ಯವಹಾರದ ಕಠಿಣ ಭಾಗ. ಲ್ಯಾಪ್‌ಟಾಪಿಗೆ ಬಿಲ್ಲು, ಫೋನಿಗೆ ಐಎಂಇಐ ಸಂಖ್ಯೆ, ಒಡವೆಗೆ ಅಂಗಡಿಯ ರಸೀದಿ ಇರುತ್ತವೆ. ಅದೇ ಪ್ರವಾಸದಲ್ಲಿ ತೆಗೆದ ಫೋಟೊದಲ್ಲಿ ಆ ಸರ, ಆ ಕ್ಯಾಮೆರಾ ಕಂಡರೆ ಅದು ಬಿಲ್ಲಿಗಿಂತಲೂ ಗಟ್ಟಿ, ಏಕೆಂದರೆ ಬಿಲ್ಲು ಕೊಂಡದ್ದನ್ನು ಹೇಳುತ್ತದೆ, ಫೋಟೊ ಜೊತೆಗೆ ತಂದದ್ದನ್ನು ಹೇಳುತ್ತದೆ. ನಗದನ್ನು ಸಾಬೀತುಪಡಿಸುವುದು ಎಲ್ಲಕ್ಕಿಂತ ಕಷ್ಟ. ಹಿಂದಿನ ದಿನ ಎಟಿಎಂನಿಂದ ತೆಗೆದ ದಾಖಲೆ ಒಂದಿಷ್ಟು ಆಸರೆ. ಹಳೆಯ ಸಾಮಾನಿಗೆ ಹೊಸದರ ಬೆಲೆ ಕೇಳಬಾರದು, ಬಳಕೆಯ ಸವಕಳಿ ಕಳೆದೇ ಕೇಳಬೇಕು. ಎಫ್‌ಐಆರ್‌ನಲ್ಲಿ ಇಲ್ಲದ ವಸ್ತು ಮುಂದೆ ಲಾಕರಿನವರಿಗೆ ಕಳಿಸುವ ಲೀಗಲ್ ನೋಟಿಸಿನಲ್ಲಿ ಕಾಣಿಸಿಕೊಂಡರೆ ಪಟ್ಟಿಯ ಮೇಲಿನ ನಂಬಿಕೆಯೇ ಹೋಗುತ್ತದೆ.

ಪ್ರಯಾಣ ವಿಮೆ ಇದ್ದವರು ಪಾಲಿಸಿಯ ಸಣ್ಣಕ್ಷರಗಳನ್ನು ಓದಬೇಕು. ಹಲವು ಪಾಲಿಸಿಗಳು ವಿಮಾನ ಸಂಸ್ಥೆಗೆ ಒಪ್ಪಿಸಿದ ಲಗೇಜಿಗಷ್ಟೇ ಅನ್ವಯಿಸುತ್ತವೆ, ನಗದು ಮತ್ತು ಒಡವೆಯನ್ನು ಹೊರಗಿಡುತ್ತವೆ. ವಿಮಾ ಕಂಪನಿ ಹಣ ಕೊಟ್ಟರೆ, ಲಾಕರಿನವರಿಂದ ವಸೂಲಿ ಮಾಡುವ ಹಕ್ಕು ಅಷ್ಟರ ಮಟ್ಟಿಗೆ ಕಂಪನಿಗೆ ಹೋಗುತ್ತದೆ. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯಲಾಗದು.

ಲಾಕರಿನವರಿಗೆ ಕಳಿಸಿದ ಲೀಗಲ್ ನೋಟಿಸಿಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಹಾರಿಕೆಯದಾದರೆ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಎಷ್ಟೋ ವ್ಯವಹಾರ ಅಲ್ಲೇ ರಾಜಿಯಾಗುತ್ತದೆ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಪ್ರವಾಸಿಗರಿಗೆ ಆದ ದೊಡ್ಡ ಉಪಕಾರವೆಂದರೆ ದೂರುದಾರರು ವಾಸವಿರುವ ಊರಿನಲ್ಲೇ ದೂರು ಹಾಕುವ ಅವಕಾಶ. ಜೈಪುರದಲ್ಲಿ ಬ್ಯಾಗು ಕಳೆದುಕೊಂಡ ಹುಬ್ಬಳ್ಳಿಯವರು ಧಾರವಾಡ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. ಆಯೋಗದ ಶುಲ್ಕವನ್ನು ನಿರ್ಧರಿಸುವುದು ಸೇವೆಗೆ ಕೊಟ್ಟ ಹಣ; 5 ಲಕ್ಷದವರೆಗೆ ಶುಲ್ಕವೇ ಇಲ್ಲವಾದ್ದರಿಂದ ಲಾಕರ್ ಬಾಡಿಗೆಯ ದೂರಿಗೆ ಕಾಸು ಕಟ್ಟುವ ಪ್ರಮೇಯ ಬರುವುದಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆನ್‌ಲೈನಿನಲ್ಲೂ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಸಾಮಾನಿನ ಬಗ್ಗೆ ಸಾಕ್ಷಿಗಳ ಸವಾಲು ಪಾಟೀಸವಾಲು ಬೇಕಾಗುವಷ್ಟು ತಕರಾರಿದ್ದರೆ ಮಾತ್ರ ಆಯೋಗ ಸಿವಿಲ್ ಕೋರ್ಟಿನ ದಾರಿ ತೋರಿಸಬಹುದು.

ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ 45 ದಿನದೊಳಗೆ ಮೇಲ್ಮನವಿ ಹೋಗಬಹುದು. ಎದುರುದಾರರು ಹೋಗುವುದಾದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಬರಲಿಲ್ಲ ಎಂದಾದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಸೆಕ್ಷನ್ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸಜೆ, ಇಲ್ಲವೇ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.